ಫೈಲಿನೊಳಗಿನ ಕಾಲ: ಓದುಗರ ಪ್ರಶ್ನೆಗಳಿಗೆ ಉತ್ತರ

ಹಿಂದಿನ ಸಂಚಿಕೆಯಲ್ಲಿ ನಕ್ಷತ್ರಗಳ ಮಿಡಿತದ ಅವಧಿ ಕಂಡುಹಿಡಿಯುವ ಬಗ್ಗೆ ಬರೆದಿದ್ದೆ. ಅದನ್ನು ಓದಿ ತಾವೇ ಮಾಡಿನೋಡಲು ಕೂತವರ ಪತ್ರಗಳು ಈ ಸಲ ಬಂದಿವೆ. ಗಣಿತದ ಬಗ್ಗೆ ಕೇಳಿದವರು ಕಡಿಮೆ. ಹೆಚ್ಚಿನವರು ಅದಕ್ಕೂ ಮೊದಲೇ, ಸಾಫ್ಟ್‌ವೇರಿಗೆ ಡೇಟಾ ಕೊಡುವ ಹಂತದಲ್ಲೇ ಸಿಕ್ಕಿಹಾಕಿಕೊಂಡಿದ್ದಾರೆ. ಇದು ಸಣ್ಣ ವಿಷಯವಲ್ಲ. ಯಾರಾದರೂ ತಪ್ಪು ಅವಧಿ ತಂದು ತೋರಿಸಿದಾಗ ನಾನು ಮೊದಲು ನೋಡುವುದು ಅವರು ಬಳಸಿದ ಸೂತ್ರವನ್ನಲ್ಲ, ಇನ್‌ಪುಟ್ ಫೈಲಿನ ಸಮಯದ ಕಾಲಮ್ಮನ್ನು. ಆ ಕಾಲಮ್ಮಿನ ಒಂದೊಂದು ಸಂಖ್ಯೆಯೂ ಯಾವ ಗಡಿಯಾರದ್ದು, ಎಲ್ಲಿಂದ ಎಣಿಸಿದ್ದು, ಎಲ್ಲಿ ನಿಂತು ನೋಡಿದ್ದು ಎಂಬುದು ಫೈಲಿನಲ್ಲೇ ಬರೆದಿರಬೇಕು. ಫಾರ್ಮ್ಯಾಟ್ ಬಗ್ಗೆ ನನಗಿರುವ ಹಠ ಇದೊಂದೇ.

ಪ್ರಶ್ನೆ: ನಮಸ್ಕಾರ ಮೇಡಂ. ಬೆಳಕು ಏರಿಳಿಯುವ ನಕ್ಷತ್ರಗಳನ್ನು ಡಿಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಹಿಡಿದು ಕಾಂತಿಮಾನ ಅಳೆಯುವುದು ನನ್ನ ಹವ್ಯಾಸ. ಅಳತೆಗಳೆಲ್ಲ ಒಂದೇ ಶೀಟಿನಲ್ಲಿವೆ: ತಾರೀಖು, ಗಂಟೆ, ಕಾಂತಿಮಾನ, ಷರಾ. ಸಿಎಸ್‌ವಿ ಮಾಡಿ ಪೀರಿಯಡ್04ಗೆ ಕೊಟ್ಟರೆ ಸರಿಯಾಗಿ ಓದಿಕೊಳ್ಳುತ್ತಿಲ್ಲ. ಯಾವ ಫಾರ್ಮ್ಯಾಟ್‌ನಲ್ಲಿ ಕೊಡಬೇಕು?
(ಹವ್ಯಾಸಿ ವೀಕ್ಷಕರು)

ಉತ್ತರ: ಅವಧಿ ಹುಡುಕುವ ಇಂಥ ಸಾಫ್ಟ್‌ವೇರುಗಳಿಗೆ ಬೇಕಾಗಿರುವುದು ಬಹಳ ಸರಳವಾದ ಟೆಕ್ಸ್ಟ್ ಫೈಲು. ಮೊದಲ ಕಾಲಂ ಸಮಯ, ಎರಡನೆಯದು ಕಾಂತಿಮಾನ, ಬೇಕಿದ್ದರೆ ಮೂರನೆಯದು ಅಳತೆಯ ದೋಷಮಿತಿ. ನಡುವೆ ಒಂದು ಖಾಲಿ ಜಾಗ. ನಿಮ್ಮ ಫೈಲಿನ ತೊಡಕು ತಾರೀಖು ಮತ್ತು ಗಂಟೆಯಲ್ಲಿದೆ. ಸಮಯ ಅಂದರೆ ಅದಕ್ಕೆ ಒಂದೇ ಒಂದು ದಶಮಾಂಶ ಸಂಖ್ಯೆ. ಓರೆಗೆರೆ, ಎರಡು ಚುಕ್ಕಿ ಸೇರಿದ ತಾರೀಖನ್ನು ಅದು ಸಂಖ್ಯೆ ಎಂದು ಒಪ್ಪುವುದಿಲ್ಲ.

ಅದಕ್ಕೇ ಜೂಲಿಯನ್ ದಿನದ ಎಣಿಕೆ ಇರುವುದು: ತಾರೀಖು, ಗಂಟೆ ಎಲ್ಲ ಸೇರಿ ದಿನಗಳ ಒಂದೇ ಎಣಿಕೆ. 2023ರ ಮಾರ್ಚ್ 14, ಯುಟಿಸಿ (ಜಾಗತಿಕ ಪ್ರಮಾಣಿತ ಕಾಲ) 15 ಗಂಟೆ 45 ನಿಮಿಷ ಎಂಬುದು 2460018.15625 ಆಗುತ್ತದೆ. ಈ ಎಣಿಕೆಯಲ್ಲಿ ದಿನ ಶುರುವಾಗುವುದು ನಡುಮಧ್ಯಾಹ್ನಕ್ಕೆ. ಮಧ್ಯಾಹ್ನದಿಂದ 3 ಗಂಟೆ 45 ನಿಮಿಷ ಅಂದರೆ ದಿನದ 0.15625 ಭಾಗ. ಐದೈದು ನಿಮಿಷಕ್ಕೊಂದು ಅಳತೆ ಇದ್ದರೆ ಫೈಲು ಹೀಗಿರುತ್ತದೆ:

2460018.15625 11.42 0.03
2460018.15972 11.45 0.03
2460018.16319 11.49 0.04

ಇಷ್ಟೇ. ಷರಾಗಳನ್ನು ಬೇರೆ ಫೈಲಿಗೆ ಸಾಗಿಸಿ. ಮೋಡ ಬಂದು ಅಳತೆ ಸಿಗದ ಕಡೆ 99.999 ಎಂದು ತುಂಬುವ ರೂಢಿ ಇದ್ದರೆ ಆ ಸಾಲುಗಳನ್ನೇ ಅಳಿಸಿ. ಸಾಫ್ಟ್‌ವೇರ್ ಅದನ್ನು ನಿಜವಾದ ಕಾಂತಿಮಾನ ಎಂದೇ ನಂಬುತ್ತದೆ. ನಿಮ್ಮ ಕಂಪ್ಯೂಟರಿನ ಸೆಟ್ಟಿಂಗ್ ದಶಮಾಂಶಕ್ಕೆ ಚುಕ್ಕಿಯ ಬದಲು ಅಲ್ಪವಿರಾಮ ಹಾಕುತ್ತದೆಯೇ ಎಂದೂ ನೋಡಿ. ಹಾಗಿದ್ದರೆ ಸಿಎಸ್‌ವಿಯಲ್ಲಿ 11,42 ಎಂಬುದು ಎರಡು ಕಾಲಂ ಆಗಿ ಒಡೆಯುತ್ತದೆ.

ಮಾರ್ಪಡಿಸಿದ ಜೂಲಿಯನ್ ದಿನ, ಅಂದರೆ ಎಂಜೆಡಿ, ಬಳಸುವವರು ಕಳೆಯಬೇಕಾದ್ದು 2400000.5. ಕೊನೆಯ ಅರ್ಧ ದಿನವನ್ನು ಮರೆತು ಬರೀ 2400000 ಕಳೆದ ಫೈಲುಗಳು ಎಷ್ಟೋ ಓಡಾಡುತ್ತಿವೆ. ನಿಮ್ಮ ಅಳತೆ ಮಾತ್ರ ಇದ್ದಾಗ ಅದು ಗೊತ್ತೇ ಆಗುವುದಿಲ್ಲ. ಇನ್ನೊಬ್ಬರ ಅಳತೆಯ ಜೊತೆ ಸೇರಿಸಿದ ದಿನ, ಅರ್ಧ ದಿನ ಸರಿದ ಎರಡು ನಕ್ಷತ್ರಗಳಿದ್ದಂತೆ ಕಾಣುತ್ತದೆ.

ಸಮಯ ಎಂದರೆ ಎಕ್ಸ್‌ಪೋಷರಿನ ನಡುವಿನ ಕ್ಷಣ. ಕ್ಯಾಮೆರಾ ಬರೆದುಕೊಳ್ಳುವುದು ಸಾಮಾನ್ಯವಾಗಿ ಶುರುವಾದ ಕ್ಷಣವನ್ನು. 120 ಸೆಕೆಂಡಿನ ಚಿತ್ರವಾದರೆ 60 ಸೆಕೆಂಡು ಕೂಡಿಸಿ. ಹಲವು ಚಿತ್ರಗಳನ್ನು ಒಟ್ಟು ಸೇರಿಸಿದ್ದರೆ ಮೊದಲ ಚಿತ್ರದ ಆರಂಭಕ್ಕೂ ಕೊನೆಯ ಚಿತ್ರದ ಮುಕ್ತಾಯಕ್ಕೂ ನಡುವಿನ ಕ್ಷಣ.

ಸೂರ್ಯನ ಸುತ್ತ ಭೂಮಿ ಸುತ್ತುವುದರಿಂದ ಬೆಳಕು ಬೇಗ ಅಥವಾ ತಡವಾಗಿ ಬಂದು ತಲುಪುವುದಕ್ಕೂ ತಿದ್ದುಪಡಿ ಇದೆ. ಭೂಮಿಯಿಂದ ಸೂರ್ಯನಿಗೆ ಬೆಳಕಿನ ಹಾದಿ ಸುಮಾರು 499 ಸೆಕೆಂಡು. ಕ್ರಾಂತಿವೃತ್ತದ (ಆಕಾಶದಲ್ಲಿ ಸೂರ್ಯ ಸಾಗುವಂತೆ ಕಾಣುವ ಹಾದಿಯ) ಮೇಲಿರುವ ನಕ್ಷತ್ರಕ್ಕೆ ವರ್ಷದಲ್ಲಿ ಆ ಕಡೆ ಈ ಕಡೆ ಸೇರಿ ಹದಿನಾರೂವರೆ ನಿಮಿಷದ ಓಲಾಟ. ನೂರಾರು ದಿನಗಳ ಅವಧಿಯ ಮೀರಾ ಬಗೆಯ ನಕ್ಷತ್ರವನ್ನು ನೋಡುವವರು ಇದಕ್ಕೆ ತಲೆಕೆಡಿಸಿಕೊಳ್ಳಬೇಕಿಲ್ಲ. ಜೋಡಿ ನಕ್ಷತ್ರಗಳ ಗ್ರಹಣದ ಕ್ಷಣ ಅಳೆಯುವವರಿಗೆ ಇದು ಬೇಕೇ ಬೇಕು. ತಿದ್ದಿದ್ದು ಸೂರ್ಯನ ಕೇಂದ್ರಕ್ಕೋ, ಇಡೀ ಸೌರಮಂಡಲದ ದ್ರವ್ಯರಾಶಿ ಕೇಂದ್ರಕ್ಕೋ ಎಂದು ಫೈಲಿನ ತಲೆಯಲ್ಲಿ ಒಂದು ಸಾಲು ಬರೆಯಿರಿ. ಈ ಎರಡರ ನಡುವೆ ಸುಮಾರು 4 ಸೆಕೆಂಡಿನವರೆಗೆ ವ್ಯತ್ಯಾಸ ಬರಬಹುದು.

ಪ್ರಶ್ನೆ: ಮೇಡಂ, ನಾನು ಎಂ.ಎಸ್ಸಿ. ಕೊನೆಯ ವರ್ಷದ ವಿದ್ಯಾರ್ಥಿನಿ. ಪ್ರಾಜೆಕ್ಟಿಗೆ ನೈಸರ್ ಕ್ಷ-ಕಿರಣ ದೂರದರ್ಶಕದ ಕ್ರ್ಯಾಬ್ ಪಲ್ಸಾರ್ (ವೇಗವಾಗಿ ತಿರುಗುತ್ತಾ ಮಿಡಿಯುವ ನಕ್ಷತ್ರ) ಡೇಟಾ ಇಳಿಸಿಕೊಂಡೆ. ಫಿಟ್ಸ್ ಎಂಬ ಖಗೋಳ ಡೇಟಾ ಫಾರ್ಮ್ಯಾಟಿನ ಫೈಲು ಬಗೆಹರಿಯದೆ ಟೈಮ್ ಕಾಲಂ ಮಾತ್ರ ಸಿಎಸ್‌ವಿಗೆ ತೆಗೆದೆ, ಸ್ಪ್ರೆಡ್‌ಶೀಟಿನಲ್ಲಿ ತೆರೆದು ಸೇವ್ ಮಾಡಿದೆ, ಆಮೇಲೆ ಪೈಥಾನಿನಲ್ಲಿ 33 ಮಿಲಿಸೆಕೆಂಡಿಗೆ ಮಡಚಿ (ಅಷ್ಟಷ್ಟು ಕಾಲದ ತುಂಡುಗಳನ್ನು ಒಂದರ ಮೇಲೊಂದು ಪೇರಿಸಿ) ನೋಡಿದೆ. ಮಿಡಿತವೇ ಇಲ್ಲ, ಸಪಾಟಾದ ಗೆರೆ. ಡೇಟಾ ಕೆಟ್ಟಿದೆಯೇ?
(ವಿದ್ಯಾರ್ಥಿನಿ)

ಉತ್ತರ: ಡೇಟಾ ಚೆನ್ನಾಗಿಯೇ ಇದೆ ಕಣಮ್ಮಾ. ದಾರಿಯಲ್ಲಿ ನಾಲ್ಕು ಕಡೆ ಸೋರಿದೆ. ಒಂದೊಂದಾಗಿ ನೋಡೋಣ, ಏಕೆಂದರೆ ಸ್ಪ್ರೆಡ್‌ಶೀಟಿನ ದಾರಿ ಹಿಡಿಯುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಇಲ್ಲೇ ಎಡವುವುದು.

ಮೊದಲನೆಯದು, ಸಾಲುಗಳು. ಒಂದು ಶೀಟಿನಲ್ಲಿ ಹಿಡಿಯುವುದು 10,48,576 ಸಾಲು. ಕ್ರ್ಯಾಬ್‌ನತ್ತ ನೋಡುವಾಗ ನೈಸರ್ ಸೆಕೆಂಡಿಗೆ ಸುಮಾರು 10,000 ಫೋಟಾನ್ ಹಿಡಿಯುತ್ತದೆ. ಒಂದೊಂದು ಫೋಟಾನಿಗೂ ಒಂದು ಸಾಲು. ಎರಡು ನಿಮಿಷ ತುಂಬುವುದರೊಳಗೆ ಶೀಟು ಭರ್ತಿ. ಉಳಿದ ಡೇಟಾ ಒಳಗೆ ಬರಲೇ ಇಲ್ಲ.

ಎರಡನೆಯದು ದಶಮಾಂಶ, ಇದು ಎಲ್ಲಕ್ಕಿಂತ ಕೆಟ್ಟದ್ದು. ಒಂದು ಫೋಟಾನಿನ ಸಮಯ 310000000.123456 ಸೆಕೆಂಡು ಎಂದಿಟ್ಟುಕೊಳ್ಳಿ. ಸ್ಪ್ರೆಡ್‌ಶೀಟಿನ ಸಾಮಾನ್ಯ ನಮೂನೆ ಅದನ್ನು 310000000.1 ಎಂದು ತೋರಿಸುತ್ತದೆ. ಸಿಎಸ್‌ವಿಗೆ ಸೇವ್ ಮಾಡಿದಾಗ ಪರದೆಯ ಮೇಲೆ ಕಂಡಷ್ಟೇ ಬರೆಯುತ್ತದೆ, ಹಿಂದಿನ ಅಂಕಿಗಳನ್ನು ಬಿಟ್ಟುಬಿಡುತ್ತದೆ. ಈಗ ನಿಮ್ಮ ಎಲ್ಲ ಫೋಟಾನುಗಳೂ 0.1 ಸೆಕೆಂಡಿನ ಹೆಜ್ಜೆಗಳ ಮೇಲೆ ಕೂತಿವೆ. ಅಷ್ಟರಲ್ಲಿ ಕ್ರ್ಯಾಬ್ ಸುಮಾರು ಮೂರು ಸುತ್ತು ತಿರುಗಿರುತ್ತದೆ. ಇಲ್ಲಿಗೆ ಮಿಡಿತ ಮುಗಿಯಿತು. ಇನ್ನು ಯಾವ ಗಣಿತದಿಂದಲೂ ಅದು ವಾಪಸ್ಸು ಬರುವುದಿಲ್ಲ, ಮೂಲ ಫೈಲಿಗೇ ಹೋಗಬೇಕು.

ಮೂರನೆಯದು, ನೀವು ಮಡಚಿದ ಅವಧಿ. ಕ್ರ್ಯಾಬ್ ಈಗ ಸೆಕೆಂಡಿಗೆ ಸುಮಾರು 29.6 ಸಲ ತಿರುಗುತ್ತದೆ, ಅಂದರೆ ಅವಧಿ 33.8 ಮಿಲಿಸೆಕೆಂಡಿನ ಹತ್ತಿರ. 33 ಎಂದು ಮೊಟಕು ಮಾಡಿದರೆ ಒಂದೂವರೆ ಸೆಕೆಂಡಿನೊಳಗೇ ಒಂದಿಡೀ ಸುತ್ತು ತಪ್ಪಿಹೋಗುತ್ತದೆ. ಅದೂ ಅಲ್ಲದೆ ಈ ಪಲ್ಸಾರ್ ದಿನದಿನಕ್ಕೂ ನಿಧಾನವಾಗುತ್ತಿದೆ. ಜೋಡ್ರೆಲ್ ಬ್ಯಾಂಕ್ ವೀಕ್ಷಣಾಲಯ ಇದಕ್ಕಾಗಿಯೇ ತಿಂಗಳು ತಿಂಗಳೂ ಕ್ರ್ಯಾಬ್‌ನ ಆವೃತ್ತಿಯ (ಸೆಕೆಂಡಿಗೆ ಎಷ್ಟು ಸುತ್ತು ಎಂಬುದರ) ಪಟ್ಟಿ ಪ್ರಕಟಿಸುತ್ತದೆ. ನಿಮ್ಮ ವೀಕ್ಷಣೆಯ ತಾರೀಖಿಗೆ ಹತ್ತಿರದ ಸಾಲನ್ನು ಅಲ್ಲಿಂದ ತೆಗೆದುಕೊಳ್ಳಿ.

ನಾಲ್ಕನೆಯದು ಹೆಡರ್, ಅಂದರೆ ಫೈಲಿನ ತಲೆಯಲ್ಲಿರುವ ವಿವರಗಳ ಭಾಗ. ನೀವು ಬಿಟ್ಟುಬಂದದ್ದರಲ್ಲಿ ಹೆಚ್ಚು ಬೆಲೆಬಾಳುವುದು ಅದು. ಫಿಟ್ಸ್ ಎಂದರೆ ಭಯಪಡುವಂಥದ್ದಲ್ಲ. 1981ರಲ್ಲಿ ಪ್ರಕಟವಾದ ಈ ಫಾರ್ಮ್ಯಾಟ್‌ನಲ್ಲಿ ಹೆಡರ್ ಪೂರ್ತಿ ಓದಬಲ್ಲ ಅಕ್ಷರಗಳೇ. ಒಂದು ಸಾಲಿಗೆ 80 ಅಕ್ಷರ, 36 ಸಾಲಿಗೆ 2880 ಬೈಟಿನ ಒಂದು ಕಂತೆ. ಹೆಡರ್ ಮುಗಿದ ಮೇಲೆ ಟೇಬಲ್, ಅದು ಬೈನರಿ. ನೈಸರ್ ಫೈಲಿನ ಇವೆಂಟ್ಸ್ ಎಂಬ ಭಾಗದ ಹೆಡರಿನಲ್ಲಿ ಕಣ್ಣಾಡಿಸಿದರೆ ಇಂಥ ಸಾಲುಗಳು ಸಿಗುತ್ತವೆ:

ಟೈಮ್‌ಸಿಸ್ = ಟಿಟಿ
ಎಂಜೆಡಿರೆಫ್‌ಐ = 56658
ಎಂಜೆಡಿರೆಫ್‌ಎಫ್ = 0.000777592592592593
ಟೈಮ್‌ಜೀರೋ = -1
ಟೈಮ್‌ರೆಫ್ = ಲೋಕಲ್

ಟಿಟಿ ಎಂದರೆ ಭೂಮಿಯ ಸಮರೂಪ ಕಾಲಮಾನ. ಯುಟಿಸಿಗೆ ಆಗಾಗ ಸೇರಿಸುವ ಲೀಪ್ ಸೆಕೆಂಡುಗಳ ಕಾಟ ಅದಕ್ಕಿಲ್ಲ. 56658 ಎಂಬುದು 2014ರ ಜನವರಿ 1ರ ಎಂಜೆಡಿ. ಟೈಮ್ ಕಾಲಮ್ಮಿನ ಸೆಕೆಂಡುಗಳನ್ನೆಲ್ಲ ಎಣಿಸಿರುವುದು ಅಲ್ಲಿಂದ. ಅದರ ಕೆಳಗಿನ ವಿಚಿತ್ರ ಭಿನ್ನರಾಶಿಯನ್ನು 86400ರಿಂದ ಗುಣಿಸಿ ನೋಡಿ: 67.184 ಸೆಕೆಂಡು ಬರುತ್ತದೆ. ಆ ದಿನ ಯುಟಿಸಿಗೂ ಪರಮಾಣು ಕಾಲಕ್ಕೂ ಇದ್ದ ಅಂತರ 35 ಸೆಕೆಂಡು, ಪರಮಾಣು ಕಾಲಕ್ಕೂ ಟಿಟಿಗೂ ಯಾವತ್ತೂ ಇರುವ ಅಂತರ 32.184, ಎರಡೂ ಸೇರಿ 67.184. ಅಷ್ಟು ಸಣ್ಣ ಸಂಖ್ಯೆಯೊಳಗೆ ಲೀಪ್ ಸೆಕೆಂಡುಗಳ ಚರಿತ್ರೆಯೆಲ್ಲ ಅಡಗಿದೆ. ನನಗೆ ಈ ಸಾಲು ನೋಡಿದಾಗಲೆಲ್ಲ ಅದನ್ನು ಬರೆದಿಟ್ಟವರ ಮೇಲೆ ಗೌರವ ಬರುತ್ತದೆ. ಟೈಮ್‌ಜೀರೋ ಎಂಬುದು ಕಾಲಮ್ಮಿನ ಪ್ರತಿ ಸಂಖ್ಯೆಗೂ ಕೂಡಿಸಬೇಕಾದ ಸೆಕೆಂಡು. ಇಲ್ಲಿ ಮೈನಸ್ 1 ಇದೆ, ಹಾಗಾಗಿ ಒಂದು ಸೆಕೆಂಡು ಕಳೆಯಬೇಕು. ಆ ಒಂದು ಸೆಕೆಂಡು ಅಂದರೆ ಕ್ರ್ಯಾಬ್‌ಗೆ ಸುಮಾರು ಮೂವತ್ತು ಸುತ್ತು.

ಬೇರೆ ದೂರದರ್ಶಕಗಳ ಮೊದಲ ದಿನ ಬೇರೆ. ನೂಸ್ಟಾರ್ ಎಣಿಸುವುದು 55197ರಿಂದ, ಸ್ವಿಫ್ಟ್ ಮತ್ತು ಫರ್ಮಿ 51910ರಿಂದ. ಹೆಡರ್ ಬಿಟ್ಟು ಬರೀ ಕಾಲಂ ತಂದು ಎರಡು ದೂರದರ್ಶಕಗಳ ಡೇಟಾ ಕೂಡಿಸಿದರೆ ವರ್ಷಗಳೇ ಕಲಸಿಹೋಗುತ್ತವೆ.

ಇನ್ನು ಟೈಮ್‌ರೆಫ್ ಲೋಕಲ್ ಎಂಬ ಸಾಲು. ಫೋಟಾನ್ ದೂರದರ್ಶಕಕ್ಕೆ ತಾಗಿದ ಕ್ಷಣವನ್ನೇ ಬರೆದಿದೆ, ಸೌರಮಂಡಲದ ಕೇಂದ್ರಕ್ಕೆ ಇನ್ನೂ ತಿದ್ದಿಲ್ಲ ಎಂದು ಅದರ ಅರ್ಥ. ಭೂಮಿ ಸೆಕೆಂಡಿಗೆ 30 ಕಿಲೋಮೀಟರ್ ವೇಗದಲ್ಲಿ ಓಡುತ್ತಿದೆ. ಕ್ರ್ಯಾಬ್ ಕ್ರಾಂತಿವೃತ್ತದ ಪಕ್ಕದಲ್ಲೇ ಇರುವುದರಿಂದ, ವರ್ಷದ ಕೆಲವು ತಿಂಗಳು ಆ ವೇಗದ ಬಹುಪಾಲು ಅದರ ದಿಕ್ಕಿನಲ್ಲೇ ಇರುತ್ತದೆ. ಆಗ ಕಾಣುವ ಆವೃತ್ತಿ 0.003 ಹರ್ಟ್ಸ್‌ನಷ್ಟು ಸರಿಯುತ್ತದೆ, ಸಾವಿರ ಸೆಕೆಂಡಿಗೆ ಮೂರು ಸುತ್ತು ತಪ್ಪುತ್ತದೆ. ಅದರ ಜೊತೆಗೆ ನೈಸರ್ ಕೂತಿರುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಭೂಮಿಯನ್ನೇ ಸುತ್ತುತ್ತಿದೆ. ಅದರ ಕಕ್ಷೆಯ ತ್ರಿಜ್ಯ ಸುಮಾರು 6,800 ಕಿಲೋಮೀಟರ್, ಬೆಳಕಿಗೆ 23 ಮಿಲಿಸೆಕೆಂಡಿನ ಹಾದಿ. ನಿಲ್ದಾಣ ಈ ಬದಿಯಿಂದ ಆ ಬದಿಗೆ ಹೋಗುವಷ್ಟರಲ್ಲಿ ಬರುವ ವ್ಯತ್ಯಾಸವೇ ಕ್ರ್ಯಾಬ್‌ನ ಒಂದು ಸುತ್ತಿಗಿಂತ ಹೆಚ್ಚಾಗಬಹುದು.

ಹಾಗಾಗಿ ನಿಮ್ಮ ಇನ್‌ಪುಟ್ ಒಂದೇ ಫೈಲಲ್ಲ. ಇವೆಂಟ್ ಫೈಲಿನ ಜೊತೆ ಅದೇ ವೀಕ್ಷಣೆಯ ಆರ್ಬಿಟ್ ಫೈಲೂ ಬೇಕು. ಎರಡನ್ನೂ ಹೀಸಾಫ್ಟ್‌ನ ಬ್ಯಾರಿಕಾರ್ ಎಂಬ ಸಾಫ್ಟ್‌ವೇರ್ ಉಪಕರಣಕ್ಕೆ ಕೊಡಿ, ಸಮಯವನ್ನು ಸೌರಮಂಡಲದ ಕೇಂದ್ರಕ್ಕೆ ತಿದ್ದುವುದು ಅದು. ಪಲ್ಸಾರಿನ ಸ್ಥಾನವನ್ನು ಡಿಗ್ರಿಯಲ್ಲಿ ಕೊಡಿ: ವಿಷುವದಂಶ 83.633, ಘಂಟಾವೃತ್ತಾಂಶ ಉತ್ತರಕ್ಕೆ 22.0145, ಐಸಿಆರ್‌ಎಸ್ ಚೌಕಟ್ಟಿನಲ್ಲಿ. ಮಿಡಿತ ಕಾಣುವುದಕ್ಕೆ ಇಷ್ಟು ಸಾಕು; ಮಿಡಿತದ ನಿಖರ ಹಂತ ಅಳೆಯುವಾಗ ಇನ್ನಷ್ಟು ಅಂಕಿಗಳಿರುವ ಸ್ಥಾನ ಬೇಕಾಗುತ್ತದೆ. ಯಾವ ಗ್ರಹಪಂಚಾಂಗ (ಗ್ರಹಗಳ ಸ್ಥಾನಗಳ ಪಟ್ಟಿ) ಬಳಸಬೇಕೆಂದು ಹೇಳುವಾಗ, ಆವೃತ್ತಿಯ ಪಟ್ಟಿ ಯಾವ ಪಂಚಾಂಗದಲ್ಲಿದೆಯೋ ಅದನ್ನೇ ಆರಿಸಿ. ಕೆಲಸ ಮುಗಿದ ಮೇಲೆ ಹೆಡರ್ ಮತ್ತೆ ತೆರೆದು ನೋಡಿ: ಟೈಮ್‌ಸಿಸ್ ಈಗ ಟಿಡಿಬಿ (ಸೌರಮಂಡಲ ಕೇಂದ್ರದ ಕಾಲಮಾನ) ಆಗಿರಬೇಕು, ಟೈಮ್‌ರೆಫ್ ಸೋಲಾರ್‌ಸಿಸ್ಟಮ್ ಆಗಿರಬೇಕು. ಇವೆರಡು ಬದಲಾಗದಿದ್ದರೆ ಮುಂದೆ ಹೋಗಬೇಡಿ.

ಸ್ಟಿಂಗ್‌ರೇಯಂಥ ಪೈಥಾನ್ ಲೈಬ್ರರಿ ಈ ಫಿಟ್ಸ್ ಫೈಲನ್ನು ನೇರವಾಗಿ ಓದಿಕೊಳ್ಳುತ್ತದೆ. ಸಮಯ, ಫೋಟಾನಿನ ಚಾನೆಲ್, ಒಳ್ಳೆಯ ಕಾಲದ ಪಟ್ಟಿ, ಮೊದಲ ದಿನ, ಎಲ್ಲವನ್ನೂ ಒಟ್ಟಿಗೇ ಇಟ್ಟುಕೊಳ್ಳುತ್ತದೆ. ನಡುವೆ ಸಿಎಸ್‌ವಿಯ ಅಗತ್ಯವೇ ಇಲ್ಲ. ಪಾಂಡಾಸ್‌ಗೆ ಹಾಕಿಯೇ ನೋಡಬೇಕೆಂದಿದ್ದರೆ ಒಂದು ಮಾತು: ಫಿಟ್ಸ್ ಬೈನರಿ ಸಂಖ್ಯೆಗಳ ಬೈಟ್ ಕ್ರಮ ನಿಮ್ಮ ಕಂಪ್ಯೂಟರಿನ ಕ್ರಮಕ್ಕೆ ತಿರುಗುಮುರುಗು, ಅದಕ್ಕೇ ದೂರು ಬರುತ್ತದೆ. ಬೈಟ್ ಕ್ರಮ ಬದಲಿಸಿದರೆ ಸರಿಹೋಗುತ್ತದೆ.

ಪ್ರಶ್ನೆ: ಉಪಗ್ರಹದ ಲೈಟ್ ಕರ್ವ್‌ನಲ್ಲಿ (ಹೊಳಪಿನ ಏರಿಳಿತದ ದಾಖಲೆ) ಡೇಟಾ ಇಲ್ಲದ ಕಡೆಯೆಲ್ಲ ಸೊನ್ನೆ ತುಂಬಿದೆ, ಆವೃತ್ತಿ ಹುಡುಕುವ ಎಫ್ಎಫ್‌ಟಿ ಲೆಕ್ಕಕ್ಕೆ ಸಮ ಅಂತರ ಬೇಕಲ್ಲವೇ? ಈಗ ಸುಮಾರು ಒಂದೂವರೆ ಗಂಟೆಯ ಅವಧಿ ತುಂಬ ಜೋರಾಗಿ ಕಾಣುತ್ತಿದೆ, ಅದರ ಅರ್ಧ, ಮೂರನೇ ಒಂದು ಭಾಗವೂ ಇವೆ. ಇದು ನಕ್ಷತ್ರದ್ದೇ?
(ಸಂಶೋಧನಾ ವಿದ್ಯಾರ್ಥಿ)

ಉತ್ತರ: ಅಲ್ಲ. ಅದು ಉಪಗ್ರಹದ ಕಕ್ಷೆ. ಬಾಹ್ಯಾಕಾಶ ನಿಲ್ದಾಣ ಸುಮಾರು 93 ನಿಮಿಷಕ್ಕೊಮ್ಮೆ ಭೂಮಿಯನ್ನು ಸುತ್ತುತ್ತದೆ, ಆಸ್ಟ್ರೋಸ್ಯಾಟ್ ಸುಮಾರು 98 ನಿಮಿಷಕ್ಕೆ. ಪ್ರತಿ ಸುತ್ತಿನಲ್ಲೂ ಭೂಮಿ ಅಡ್ಡ ಬಂದು ನಕ್ಷತ್ರ ಮರೆಯಾಗುತ್ತದೆ. ಅಲ್ಲಿ ನೀವು ಸೊನ್ನೆ ತುಂಬಿದಿರಿ, ಅಂದರೆ ನಕ್ಷತ್ರ ಆಗ ಪೂರ್ತಿ ಆರಿಹೋಗಿತ್ತು ಎಂದು ಸಾಫ್ಟ್‌ವೇರಿಗೆ ಹೇಳಿದಿರಿ. ಅದು ಆ ಆರುವಿಕೆಯ ಅವಧಿಯನ್ನು ಪ್ರಾಮಾಣಿಕವಾಗಿ ಕಂಡುಹಿಡಿದು ಕೊಟ್ಟಿದೆ.

ಎಣಿಸಿದಾಗ ಫೋಟಾನ್ ಬರಲಿಲ್ಲ ಎಂಬುದಕ್ಕೂ ಎಣಿಸಲೇ ಇಲ್ಲ ಎಂಬುದಕ್ಕೂ ಇರುವ ಅಂತರವನ್ನು ಫೈಲು ಹೇಳಲೇಬೇಕು. ಅದಕ್ಕಾಗಿ ಫಿಟ್ಸ್ ಫೈಲಿನಲ್ಲಿ ಜಿಟಿಐ ಎಂಬ ಇನ್ನೊಂದು ಸಣ್ಣ ಟೇಬಲ್ ಇರುತ್ತದೆ, ಎರಡೇ ಕಾಲಂ: ಶುರು ಮತ್ತು ಕೊನೆ. ಆ ಎರಡರ ನಡುವಿನ ಕಾಲ ಮಾತ್ರ ನಂಬಬಹುದಾದದ್ದು. ಇವೆಂಟ್ ಟೇಬಲನ್ನು ಮಾತ್ರ ತೆಗೆದು ಜಿಟಿಐ ಬಿಟ್ಟುಬರುವವರು ಬಹಳ. ದಯವಿಟ್ಟು ಹಾಗೆ ಮಾಡಬೇಡಿ. ಸೌರಮಂಡಲದ ಕೇಂದ್ರಕ್ಕೆ ಫೋಟಾನುಗಳ ಸಮಯ ತಿದ್ದಿದಾಗ ಜಿಟಿಐಯನ್ನೂ ತಿದ್ದಿರಬೇಕು. ಒಂದನ್ನು ತಿದ್ದಿ ಇನ್ನೊಂದನ್ನು ಬಿಟ್ಟರೆ ನಿಮಿಷಗಟ್ಟಲೆ ಒಳ್ಳೆಯ ಡೇಟಾ ಹೊರಗುಳಿದು, ಖಾಲಿ ಕಾಲ ಒಳಗೆ ಸೇರುತ್ತದೆ.

ಹುಡುಕುತ್ತಿರುವುದು ಸೆಕೆಂಡುಗಳ ಅವಧಿಯಾದರೆ ಪ್ರತಿ ಜಿಟಿಐ ತುಂಡಿಗೂ ಬೇರೆ ಬೇರೆ ಎಫ್ಎಫ್‌ಟಿ ಮಾಡಿ ಸರಾಸರಿ ತೆಗೆಯಿರಿ. ಗಂಟೆಗಳ ಅವಧಿಯಾದರೆ ಎಫ್ಎಫ್‌ಟಿ ಬಿಟ್ಟು ಲಾಂಬ್-ಸ್ಕಾರ್ಗಲ್ ವಿಧಾನಕ್ಕೆ ಹೋಗಿ, ಅದಕ್ಕೆ ಸಮ ಅಂತರ ಬೇಕಾಗಿಲ್ಲ. ಆದರೂ ಕಕ್ಷೆಯ ಅವಧಿಯ ಹತ್ತಿರ ಬಂದದ್ದನ್ನೆಲ್ಲ ಅನುಮಾನದಿಂದಲೇ ನೋಡಬೇಕು. ಲೈಟ್ ಕರ್ವ್ ಫೈಲಾದರೆ ಟೈಮ್‌ಪಿಕ್ಸ್‌ಆರ್ ಎಂಬ ಸಾಲನ್ನೂ ಓದಿ. ಅದು 0 ಇದ್ದರೆ ಸಮಯ ಬಿನ್ನಿನ ಆರಂಭದ್ದು, 0.5 ಇದ್ದರೆ ನಡುವಿನದು.

ಪ್ರಶ್ನೆ: ಒಂದೇ ನಕ್ಷತ್ರಕ್ಕೆ ಕೆಪ್ಲರ್ ಮತ್ತು ಟೆಸ್ ಎಂಬ ಎರಡು ಬಾಹ್ಯಾಕಾಶ ದೂರದರ್ಶಕಗಳ ಲೈಟ್ ಕರ್ವ್ ಇದೆ. ಟೈಮ್ ಕಾಲಂ ಒಂದರಲ್ಲಿ ನೂರರ ಲೆಕ್ಕ, ಇನ್ನೊಂದರಲ್ಲಿ ಸಾವಿರದ ಲೆಕ್ಕ. ಜೋಡಿಸುವುದು ಹೇಗೆ?

ಉತ್ತರ: ಕೆಪ್ಲರ್ ಸಂಖ್ಯೆಗೆ 2454833 ಕೂಡಿಸಿ, ಟೆಸ್ ಸಂಖ್ಯೆಗೆ 2457000. ಎರಡೂ ಸೌರಮಂಡಲ ಕೇಂದ್ರದ ಜೂಲಿಯನ್ ದಿನಗಳಾಗುತ್ತವೆ. ಹೊಳಪನ್ನು ಮಾತ್ರ ಹಾಗೇ ಕೂಡಿಸಬೇಡಿ, ಒಂದೊಂದನ್ನೂ ಅದರದರ ಮಧ್ಯಮಾನದಿಂದ ಭಾಗಿಸಿ. ಕ್ವಾಲಿಟಿ ಕಾಲಂ ಸೊನ್ನೆಯಲ್ಲದ ಸಾಲುಗಳನ್ನು ಪರಿಶೀಲಿಸದೆ ಒಳಗೆ ಬಿಡಬೇಡಿ. ಇನ್ನೊಂದು ಎಚ್ಚರ: ಕೆಪ್ಲರ್‌ನ ಮೊದಮೊದಲ ಬಿಡುಗಡೆಯ ಫೈಲುಗಳಲ್ಲಿ ಸಮಯ ಟಿಡಿಬಿ ಎಂದು ಬರೆದಿದ್ದರೂ ನಿಜವಾಗಿ ಇದ್ದದ್ದು ಯುಟಿಸಿ ಲೆಕ್ಕ, ಒಂದು ನಿಮಿಷಕ್ಕಿಂತ ತುಸು ಹೆಚ್ಚಿನ ವ್ಯತ್ಯಾಸ. ಆಮೇಲೆ ಅದನ್ನು ಸರಿಪಡಿಸಿದರು. ಹಳೆಯ ಡಿಸ್ಕಿನಲ್ಲಿರುವ ಪ್ರತಿ ಬಳಸದೆ ಹೊಸದಾಗಿ ಇಳಿಸಿಕೊಳ್ಳಿ.

ಪ್ರಶ್ನೆ: ರೇಡಿಯೊ ಪಲ್ಸಾರುಗಳ ಮಿಡಿತದ ಸಮಯ ಲೆಕ್ಕ ಹಾಕುವ ಟೆಂಪೋ2 ಸಾಫ್ಟ್‌ವೇರ್ ಬಳಸಲು ಕಲಿಯುತ್ತಿದ್ದೇನೆ. ಪಾರ್ ಫೈಲು, ಟಿಮ್ ಫೈಲು ಎಂದು ಎರಡು ಕೇಳುತ್ತದೆ. ಯಾವುದರಲ್ಲಿ ಏನಿರಬೇಕು, ಎಲ್ಲಿ ಎಡವುತ್ತಾರೆ?

ಉತ್ತರ: ಪಾರ್ ಫೈಲು ಪಲ್ಸಾರಿನ ಬಗ್ಗೆ ನಿಮಗಿರುವ ತಿಳಿವಳಿಕೆ: ಆಕಾಶದಲ್ಲಿ ಎಲ್ಲಿದೆ, ಯಾವ ದಿನಕ್ಕೆ ಯಾವ ಆವೃತ್ತಿ, ಎಷ್ಟು ನಿಧಾನವಾಗುತ್ತಿದೆ, ದಾರಿಯಲ್ಲಿ ಎಷ್ಟು ಎಲೆಕ್ಟ್ರಾನುಗಳಿವೆ. ಟಿಮ್ ಫೈಲು ನಿಮ್ಮ ವೀಕ್ಷಣೆ: ಮಿಡಿತಗಳು ಬಂದು ತಲುಪಿದ ಕ್ಷಣಗಳು. ಎರಡೂ ಸಾದಾ ಟೆಕ್ಸ್ಟ್, ಕೈಯಲ್ಲೇ ಬರೆಯಬಹುದು.

ಟಿಮ್ ಫೈಲಿನ ತಲೆಯಲ್ಲಿ ಫಾರ್ಮ್ಯಾಟ್ 1 ಎಂದು ಬರೆದ ಮೇಲೆ ಪ್ರತಿ ಸಾಲಿನಲ್ಲಿ ಐದು ಅಂಶ: ಮೂಲ ಫೈಲಿನ ಹೆಸರು, ರೇಡಿಯೊ ಆವೃತ್ತಿ, ತಲುಪಿದ ಎಂಜೆಡಿ, ದೋಷಮಿತಿ, ದೂರದರ್ಶಕದ ಸಂಕೇತ. ಆವೃತ್ತಿ ಮೆಗಾಹರ್ಟ್ಸ್‌ನಲ್ಲಿ, ದೋಷಮಿತಿ ಮೈಕ್ರೋಸೆಕೆಂಡಿನಲ್ಲಿ. ಇಲ್ಲಿ ಎಡವಿದರೆ ಏನಾಗುತ್ತದೆ ನೋಡಿ. ಕಡಿಮೆ ಆವೃತ್ತಿಯ ಅಲೆಗಳು ದಾರಿಯ ಎಲೆಕ್ಟ್ರಾನುಗಳಿಂದ ತಡವಾಗಿ ಬರುತ್ತವೆ, ತಡ ಆವೃತ್ತಿಯ ವರ್ಗಕ್ಕೆ ವಿಲೋಮ. ಕ್ರ್ಯಾಬ್‌ಗೆ 1400 ಮೆಗಾಹರ್ಟ್ಸ್‌ನಲ್ಲಿ ಈ ತಡ ಸುಮಾರು 120 ಮಿಲಿಸೆಕೆಂಡು. ಗಿಗಾಹರ್ಟ್ಸ್ ಎಂದುಕೊಂಡು 1.4 ಎಂದು ಬರೆದರೆ ಅದೇ ತಡ ಹತ್ತು ಲಕ್ಷ ಪಟ್ಟು ಬೆಳೆದು 33 ಗಂಟೆ ಆಗುತ್ತದೆ. ಸಾಫ್ಟ್‌ವೇರ್ ಒಂದು ಮಾತೂ ಆಡದೆ ಅಷ್ಟನ್ನೂ ಕಳೆದುಬಿಡುತ್ತದೆ.

ದೂರದರ್ಶಕದ ಸಂಕೇತ ಒಂದೆರಡು ಅಕ್ಷರವಷ್ಟೇ, ಆದರೆ ಭೂಮಿಯ ಮೇಲೆ ನೀವು ಎಲ್ಲಿದ್ದಿರಿ, ಯಾವ ಗಡಿಯಾರದ ತಿದ್ದುಪಡಿ ಹಾಕಬೇಕು ಎಂಬುದೆಲ್ಲ ಅದರಿಂದಲೇ ತಿಳಿಯುವುದು. ಈಗಾಗಲೇ ಸೌರಮಂಡಲದ ಕೇಂದ್ರಕ್ಕೆ ತಿದ್ದಿದ ಸಮಯವಾದರೆ ಅಲ್ಲಿ @ ಚಿಹ್ನೆ ಹಾಕಬೇಕು. ಅದರ ಬದಲು ದೂರದರ್ಶಕದ ಸಂಕೇತವೇ ಇದ್ದರೆ ಒಂದೇ ತಿದ್ದುಪಡಿ ಎರಡು ಸಲ ಬೀಳುತ್ತದೆ.

ಎಂಜೆಡಿಯಲ್ಲಿ ದಶಮಾಂಶದ ನಂತರ ಎಷ್ಟು ಅಂಕಿ ಬೇಕು ಎಂದು ಎಲ್ಲರೂ ಕೇಳುತ್ತಾರೆ. ಒಂದು ಮೈಕ್ರೋಸೆಕೆಂಡು ಎಂದರೆ ದಿನದ ಹನ್ನೊಂದನೇ ದಶಮಾಂಶ ಸ್ಥಾನ. ಹಾಗಾಗಿ 13ಕ್ಕಿಂತ ಕಡಿಮೆ ಬೇಡ. ಈ ಸಂಖ್ಯೆಯನ್ನು ನಿಮ್ಮ ಪ್ರೋಗ್ರಾಮಿನಲ್ಲಿ ಸಾಮಾನ್ಯ 64 ಬಿಟ್ ದಶಮಾಂಶವಾಗಿ ಓದಿ ಮತ್ತೆ ಬರೆದರೆ, 60000ದ ಆಸುಪಾಸಿನ ಎಂಜೆಡಿಗೆ ಅರ್ಧ ಮೈಕ್ರೋಸೆಕೆಂಡಿಗಿಂತ ದಪ್ಪ ಹೆಜ್ಜೆ ಬೀಳುತ್ತದೆ. ಪೂರ್ತಿ ಜೂಲಿಯನ್ ದಿನವಾದರೆ ಆ ಹೆಜ್ಜೆ 40 ಮೈಕ್ರೋಸೆಕೆಂಡು. ಪಿಂಟ್‌ನಂಥ ಪಲ್ಸಾರ್ ಸಾಫ್ಟ್‌ವೇರುಗಳು ಹೆಚ್ಚು ಬಿಟ್‌ಗಳ ಸಂಖ್ಯೆ ಬಳಸುವುದು, ಆಸ್ಟ್ರೋಪೈ ಎಂಬ ಪೈಥಾನ್ ಲೈಬ್ರರಿ ಒಂದೇ ಸಮಯವನ್ನು ಎರಡು ಸಂಖ್ಯೆಯಾಗಿ ಇಟ್ಟುಕೊಳ್ಳುವುದು ಇದೇ ಕಾರಣಕ್ಕೆ.

ಪಾರ್ ಫೈಲಿನಲ್ಲಿ ಯೂನಿಟ್ಸ್ ಎಂಬ ಸಾಲನ್ನು ಬಿಡಬೇಡಿ. ಅದು ಇಲ್ಲದಿದ್ದರೆ ಟೆಂಪೋ2 ಟಿಸಿಬಿ ಎಂದುಕೊಳ್ಳುತ್ತದೆ, ಹಳೆಯ ಟೆಂಪೋ ಟಿಡಿಬಿಯಲ್ಲೇ ಲೆಕ್ಕ ಮಾಡುತ್ತದೆ. ಈ ಎರಡು ಕಾಲಮಾನಗಳ ಓಟದಲ್ಲಿ ಹತ್ತು ಕೋಟಿಗೆ ಒಂದೂವರೆ ಪಾಲಿನ ಅಂತರವಿದೆ. ಏನೂ ಅಲ್ಲ ಅನ್ನಿಸುತ್ತದೆ, ಆದರೆ ಕ್ರ್ಯಾಬ್‌ಗೆ ಒಂದೇ ವರ್ಷದಲ್ಲಿ ಹದಿನಾಲ್ಕು ಸುತ್ತಿಗೂ ಹೆಚ್ಚು.

ಸ್ಥಾನದ ಬಗ್ಗೆಯೂ ಹೇಳಲೇಬೇಕು. ಪಾರ್ ಫೈಲಿನ ಸ್ಥಾನ ಒಂದು ಆರ್ಕ್‌ಸೆಕೆಂಡು ತಪ್ಪಿದ್ದರೆ ಮಿಡಿತಗಳು ವರ್ಷಕ್ಕೊಮ್ಮೆ ಎರಡೂವರೆ ಮಿಲಿಸೆಕೆಂಡಿನವರೆಗೆ ಹಿಂದೆ ಮುಂದೆ ಓಲಾಡಿದಂತೆ ಕಾಣುತ್ತವೆ. 1991ರಲ್ಲಿ ಆಂಡ್ರ್ಯೂ ಲೈನ್ ಮತ್ತು ಸಂಗಡಿಗರು ಪಿಎಸ್‌ಆರ್ ಬಿ1829-10 ಎಂಬ ಪಲ್ಸಾರಿಗೆ ಗ್ರಹವಿದೆ ಎಂದು ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು, ಅವಧಿ ಆರು ತಿಂಗಳು. ಆರು ತಿಂಗಳು ಎಂಬುದೇ ಭೂಮಿಯ ವರ್ಷದ ಅರ್ಧ. ಪಲ್ಸಾರಿನ ಸ್ಥಾನ ತಪ್ಪಿತ್ತು, ಭೂಮಿಯ ಕಕ್ಷೆ ಪೂರ್ಣ ವೃತ್ತವಲ್ಲ ಎಂಬುದು ಲೆಕ್ಕದಲ್ಲಿ ಸರಿಯಾಗಿ ಸೇರಿರಲಿಲ್ಲ. 1992ರ ಜನವರಿಯಲ್ಲಿ ಅಮೆರಿಕದ ಖಗೋಳ ಸಂಘದ ಸಭೆಯಲ್ಲಿ ಲೈನ್ ತಾವೇ ಎದ್ದು ನಿಂತು ಅದನ್ನು ಹಿಂತೆಗೆದುಕೊಂಡರು, ಸಭೆ ದೀರ್ಘವಾಗಿ ಚಪ್ಪಾಳೆ ತಟ್ಟಿತು. ಅದೇ ತಿಂಗಳು ವೋಲ್ಷ್‌ಚಾನ್ ಮತ್ತು ಫ್ರೇಲ್ ಇನ್ನೊಂದು ಪಲ್ಸಾರಿನ ಸುತ್ತ ಗ್ರಹಗಳನ್ನು ಪ್ರಕಟಿಸಿದರು, ಅವು ಇಂದಿಗೂ ನಿಂತಿವೆ. ಎರಡೂ ತಂಡಗಳು ಬಳಸಿದ್ದು ಒಂದೇ ಬಗೆಯ ಲೆಕ್ಕ. ನಿಮ್ಮ ಉಳಿಕೆಗಳಲ್ಲಿ (ಲೆಕ್ಕಕ್ಕೂ ಅಳತೆಗೂ ಉಳಿದ ವ್ಯತ್ಯಾಸಗಳಲ್ಲಿ) ಒಂದು ವರ್ಷದ ಅಥವಾ ಆರು ತಿಂಗಳ ಅಲೆ ಕಂಡರೆ ಮೊದಲು ಪಾರ್ ಫೈಲಿನ ಸ್ಥಾನ ನೋಡಿ.

ಪ್ರಶ್ನೆ: ನಮ್ಮ ವೀಕ್ಷಕರ ಗುಂಪಿನ ಡೇಟಾವನ್ನು ಮುಂದಿನ ವರ್ಷಗಳಿಗೆ ಕಾಪಿಡಬೇಕು. ಒಂದೇ ಫಾರ್ಮ್ಯಾಟ್ ಹೇಳಿ ಮೇಡಂ.

ಉತ್ತರ: ಫೋಟಾನುಗಳ ಪಟ್ಟಿ, ದೊಡ್ಡ ಡೇಟಾ ಆದರೆ ಫಿಟ್ಸ್. ಕಾಂತಿಮಾನದ ಅಳತೆಗಳಾದರೆ ಇಸಿಎಸ್‌ವಿ. ಅದು ಸಿಎಸ್‌ವಿಯೇ, ಆದರೆ ತಲೆಯಲ್ಲಿ # ಹಾಕಿದ ಸಾಲುಗಳಲ್ಲಿ ಪ್ರತಿ ಕಾಲಮ್ಮಿನ ಮಾನ, ಸಂಖ್ಯೆಯ ಬಗೆ, ಕಾಲಮಾನ ಎಲ್ಲವನ್ನೂ ಬರೆದಿಡಬಹುದು, ಆಸ್ಟ್ರೋಪೈ ಅದನ್ನು ಓದಿಕೊಳ್ಳುತ್ತದೆ, ಮನುಷ್ಯರೂ ಓದಬಹುದು. ಪೈಥಾನಿನ ಪಿಕಲ್ ಫೈಲಿನಲ್ಲಿ ಕಾಪಿಡುವ ಕೆಲಸ ಬೇಡ, ಲೈಬ್ರರಿಯ ವರ್ಷನ್ ಬದಲಾದರೆ ತೆರೆಯದೇ ಹೋಗಬಹುದು. ಜಾಗ ಉಳಿಸಲು ಸಮಯವನ್ನು 32 ಬಿಟ್ ಸಂಖ್ಯೆಯಾಗಿ ಇಡುವುದಂತೂ ಬೇಡವೇ ಬೇಡ. ಇಂದಿನ ಜೂಲಿಯನ್ ದಿನವನ್ನು 32 ಬಿಟ್‌ನಲ್ಲಿ ಬರೆದರೆ ಅದು ಕಾಲು ದಿನದ ಹೆಜ್ಜೆಗಳಲ್ಲಿ ಮಾತ್ರ ಕೂರುತ್ತದೆ, ಒಂದು ರಾತ್ರಿಯ ಅಳತೆಗಳೆಲ್ಲ ಎರಡು ಮೂರು ಕ್ಷಣಗಳಿಗೆ ಕುಸಿಯುತ್ತವೆ.

ತಿದ್ದಿದ ಸಮಯದ ಪಕ್ಕದಲ್ಲೇ, ತಿದ್ದುವ ಮೊದಲು ಗಡಿಯಾರ ತೋರಿಸಿದ ಯುಟಿಸಿ ಸಮಯಕ್ಕೂ ಒಂದು ಕಾಲಂ ಇಡಿ. ಎಕ್ಸ್‌ಪೋಷರ್ ಎಷ್ಟು ಸೆಕೆಂಡು, ಸಮಯ ಆರಂಭದ್ದೋ ನಡುವಿನದೋ ಎಂಬುದನ್ನೂ ಬರೆಯಿರಿ. ಹತ್ತು ವರ್ಷದ ನಂತರ ಫೈಲು ತೆರೆಯುವವರು ನಿಮ್ಮ ತಿದ್ದುಪಡಿಯನ್ನು ಒಪ್ಪದಿದ್ದರೆ, ಆ ಕಾಲಮ್ಮಿನಿಂದ ತಾವೇ ಹೊಸದಾಗಿ ಲೆಕ್ಕ ಮಾಡಿಕೊಳ್ಳುತ್ತಾರೆ.